ಮೂಡಲಗಿಯಲ್ಲಿ ಉಣ್ಣದೆ ಉಳಿದ ತುತ್ತು

ಗೋಕಾಕದ ಚಹಾದಂಗಡಿಗಳಲ್ಲಿ ಕಥೆ ಹೀಗೆ ನಡೆಯುತ್ತದೆ. ಪಾವು ರೊಟ್ಟಿ ಸುಡುವ ಗೋವೆಯ ಕಿರಿಸ್ತಾನನಿಗೊಬ್ಬ ಮಗನಿದ್ದ. ಊರು ಅವನಿಗೆ ಫುಟ್‌ಬಾಲ್ ಕಲಿಸಿತು, ಪಗಾರ ಕೊಟ್ಟು ಸಾಕಿತು. ಮೂಡಲಗಿ ಶೀಲ್ಡಿನ ಕೊನೆಯ ಪಂದ್ಯದ ದಿನ ಅವನು ಹುಕ್ಕೇರಿಯವರ ಅಂಗಿ ತೊಟ್ಟು ನಮಗೇ ಗೋಲು ಹೊಡೆದ, ಸಂಜೆಗೆ ಮುಂಬಯಿಯ ರೈಲು ಹತ್ತಿದ. ಇಷ್ಟು ಹೇಳಿ, ಹೇಳುವವರು ಉಳಿದ ಚಹಾವನ್ನು ಬಸಿಗೆ ಸುರಿದುಕೊಳ್ಳುತ್ತಾರೆ. "ಪರದೇಶಿ ರಕ್ತ ಅದು. ಏನ್ ಮಾಡಾಕ ಬರ್ತೈತಿ?"

ಅಂಗಿ ಖರೆ, ಗೋಲು ಖರೆ, ರೈಲೂ ಖರೆ. ಉಳಿದದ್ದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರಲು ನನಗೆ ಅಧಿಕಾರವಿದೆ. ಆ ದಿನ ನಾನು ಅಲ್ಲಿದ್ದೆ, ಅಷ್ಟೇ ಅಲ್ಲ, ಕೆಡಿಸಿದ್ದರಲ್ಲಿ ಅರ್ಧ ನಾನೇ ಕೆಡಿಸಿದೆ.

ಊರು ಕಲಿಸಿತಂತೆ. ಊರಲ್ಲಿ ಯಾರು? ಅವನಪ್ಪ ಮೈದಾ ಹಿಟ್ಟು ತರಲು ಬೆಳಗಾವಿಗೆ ಹೋಗುವಾಗ ಇವನೂ ಹೋಗುತ್ತಿದ್ದ. ದಂಡಿನ ಕ್ಯಾಂಪಿನ ಮೈದಾನದಲ್ಲಿ ಬಿಳಿಯ ಸೋಜರು ಆಡುವುದನ್ನು ನೋಡಿ ಬಂದು, ಹಳೆಯ ಗೋಣಿಚೀಲದ ಚೂರು ಸುತ್ತಿ ಚೆಂಡು ಮಾಡಿ, ನಮ್ಮ ಓಣಿಯ ಗೋಡೆಗೆ ಒದ್ದು ಒದ್ದು ಕಲಿತ. ಗೋಡೆ ನಮ್ಮದು. ನಮ್ಮ ಅವ್ವ ಬೈದದ್ದು ನನಗೆ ನೆನಪಿದೆ. ಊರಿನ ಕೊಡುಗೆ ಎಂದರೆ ಆ ಬೈಗುಳವೊಂದೇ. ಮತ್ತೊಂದಿತ್ತು, ಮರೆತೆ: "ಅಪ್ಪ ಕಾಲಿಲೆ ಹಿಟ್ಟ ತುಳೀತಾನ, ಮಗಾ ಕಾಲಿಲೆ ಚೆಂಡ ತುಳೀತಾನ!" ಎಂಬ ಕೂಗು. ಪಾವಿನ ಹಿಟ್ಟನ್ನು ಕಾಲಿನಿಂದ ತುಳಿಯುತ್ತಾರೆಂದು ಊರೆಲ್ಲ ನಂಬಿತ್ತು. ನಾನು ನಂಬಲಿಲ್ಲ. ಪಾವು ಸುಡುವ ಭಟ್ಟಿಗೇ ಹೋಗಿ ನೋಡಿದೆ. ಅವನಪ್ಪ ಮೊಣಕೈವರೆಗೆ ಬಿಳಿಯಾಗಿ, ಎರಡೂ ಕೈಯಿಂದ ನಾದುತ್ತಿದ್ದ. ಬಂದು ಹೇಳಿದರೆ, "ನೀ ಹೋದಾಗ ಕೈಲೆ ಮಾಡ್ತಾನ ಬಿಡ" ಎಂದರು. ಇಂಥವರ ಮುಂದೆ ಬೆಳೆದವ ವಾದ ಕಲಿಯದೆ ಏನು ಮಾಡಬೇಕು?

ಪಗಾರದ ಮಾತು ಖರೆ. ಗೋಕಾಕದ ಒಂದು ಹತ್ತಿ ಜಿನ್ನಿನ ಮಾಲೀಕರ ಮಗ ತಂಡ ಕಟ್ಟಿದ್ದ. ತಾನೇ ಕ್ಯಾಪ್ಟನ್. ಇವನನ್ನು ಕಾಗದದ ಮೇಲೆ ಜಿನ್ನಿನ ಕಾವಲುಗಾರನನ್ನಾಗಿ ಮಾಡಿದ. ಇವನು ಕಾದದ್ದು ಎದುರಾಳಿಯ ಗೋಲುಕಂಬವನ್ನು ಮಾತ್ರ. ಆಡುವುದಕ್ಕೇ ಪಗಾರ ತಿನ್ನುವವನನ್ನು ನಮ್ಮ ಸೀಮೆ ಮೊದಲು ಕಂಡದ್ದು ಹಾಗೆ. ಬರಿಗಾಲು, ಎಡಗಾಲಿನ ಹೊಡೆತ. ಎರಡು ವರ್ಷ ಗೋಕಾಕ ಸೋಲಲಿಲ್ಲ.

ಶೀಲ್ಡು ಇಟ್ಟವರು ಮೂಡಲಗಿಯ ಒಬ್ಬ ವ್ಯಾಪಾರಿ. ಅವರನ್ನು ಎಲ್ಲರೂ ಯಜಮಾನರು ಎನ್ನುತ್ತಿದ್ದರು. ಹಿಂದಿನ ವರ್ಷ ಯಾರೋ ಬೆಳಗಾವಿಯ ಸೋಜರನ್ನು ಅಂಗಿ ಬದಲಿಸಿ ಆಡಿಸಿದ್ದಕ್ಕೆ ಅವರು ನಿಯಮ ಮಾಡಿದ್ದರು. ಆಟಗಾರ ತಾನು ಆಡುವ ತಂಡದ ತಾಲ್ಲೂಕಿನಲ್ಲೇ ಹುಟ್ಟಿರಬೇಕು. ಇಲ್ಲವೆಂದರೆ ತಂಡದ ಕ್ಯಾಪ್ಟನ್ ಪಂಚರ ಎದುರು ಕೈಯೆತ್ತಿ "ಇಂವ ನಮ್ಮೂರಾಂವ" ಎಂದು ಹೇಳಿ, ಅವನ ಜೊತೆ ಒಂದೇ ಗಂಗಾಳದಲ್ಲಿ ತುತ್ತು ಉಣ್ಣಬೇಕು. ಬಾಯಿಮಾತಿಗೆ ಯಾರೂ ಹೆದರುವುದಿಲ್ಲ, ತಾಟಿಗೆ ಹೆದರುತ್ತಾರೆ ಎಂಬುದು ಯಜಮಾನರ ಲೆಕ್ಕಾಚಾರ. ನಮ್ಮ ಜನರನ್ನು ಅವರು ಚೆನ್ನಾಗಿ ಬಲ್ಲವರು.

ಕೊನೆಯ ಪಂದ್ಯಕ್ಕೆ ಮೂರು ದಿನ ಮೊದಲು ನಮ್ಮ ಎದುರಾಳಿ ಹುಕ್ಕೇರಿ ತಂಡದ ವಕೀಲರು ಅದುವರೆಗೆ ಯಾರೂ ಎತ್ತದ ತಕರಾರು ಹಾಕಿದರು: ಇವನ ತಂದೆ ಪೋರ್ತುಗೀಜರ ಪ್ರಜೆ, ಆದ್ದರಿಂದ ಇವನು ಪರದೇಶಿ, ಯಾವ ತಂಡಕ್ಕೂ ಆಡಕೂಡದು. ಆ ಪಂದ್ಯ ನೋಡಲು ಮುಂಬಯಿಯ ಗಿರಣಿ ತಂಡದ ಮನುಷ್ಯನೊಬ್ಬ ಬರುವವನಿದ್ದ. ಆಟ ಹಿಡಿಸಿದರೆ ಕರೆದೊಯ್ಯುತ್ತೇನೆಂದು ಪತ್ರ ಬರೆದಿದ್ದ. ಆಡದಿದ್ದರೆ ಇವನು ಜನ್ಮವಿಡೀ ಜಿನ್ನಿನ ಬಾಗಿಲು ಕಾಯಬೇಕು, ಈ ಸಲ ನಿಜವಾಗಿಯೂ.

ನಾನು ಬೆಳಗಾವಿಯ ಕಾಲೇಜಿನಲ್ಲಿ ವಾದಸ್ಪರ್ಧೆಯ ಬಹುಮಾನ ಗೆದ್ದು ರಜೆಗೆ ಬಂದಿದ್ದೆ. ಮೈಯೆಲ್ಲ ನಾಲಿಗೆ. ಕ್ಯಾಪ್ಟನ್ ಕೈಯೆತ್ತಿದರೆ ಮುಗಿಯಿತು ಎಂದು ನನಗೆ ಹೊಳೆಯಲೇ ಇಲ್ಲ. ಮಾತಿಗಿಂತ ಸಾಕ್ಷಿ ದೊಡ್ಡದು ಎಂದುಕೊಂಡೆ. ಇವನು ಹುಟ್ಟಿದ್ದು ಇಲ್ಲೇ, ಗೋವೆಯಲ್ಲಲ್ಲ. ಅಪ್ಪ ಮೊದಲು ಭಟ್ಟಿ ಹಾಕಿದ್ದು ಹುಕ್ಕೇರಿಯಲ್ಲಿ. ದಫ್ತರಿನಲ್ಲಿ ಹೆಸರಿಲ್ಲ. ಆದರೆ ಹೆರಿಗೆ ಮಾಡಿಸಿದ ಸೂಲಗಿತ್ತಿ ಬದುಕಿದ್ದಾಳೆ. ದಡ್ಡಿ ಎಂಬ ಹಳ್ಳಿಯಲ್ಲಿ ಮಗಳ ಮನೆಯಲ್ಲಿದ್ದ ಅವಳನ್ನು ಹುಡುಕಿ, ಕಲ್ಲೋಳಿಯವರೆಗೆ ಮೋಟಾರಿನಲ್ಲಿ, ಅಲ್ಲಿಂದ ಚಕ್ಕಡಿಯಲ್ಲಿ ಕೂಡಿಸಿಕೊಂಡು ಪಂದ್ಯದ ದಿನ ಬೆಳಿಗ್ಗೆ ಮೂಡಲಗಿಗೆ ತಂದೆ.

ಯಜಮಾನರ ಪಡಸಾಲೆಯಲ್ಲಿ ಪಂಚರು ಕೂತಿದ್ದರು. ವಕೀಲರು ಅಜ್ಜಿಯನ್ನು ಕೇಳಿದರು, "ಎಷ್ಟ ಕೂಸ ಹಡಸೀಯ ಬೇ? ಇಂವನ ಅಂತ ಹೆಂಗ ಗುರ್ತ?"

"ಇಂವ ಕಾಲ ಮುಂದ ಮಾಡಿ ಬಂದಾಂವ್ರಿ. ಎಡಗಾಲ ಮೊದ್ಲ ಬಂತು. ಅವರವ್ವನ ಜೀವಾ ಹೋಗೂದಿತ್ತು. ಮರೀತೇನೇನ್ರಿ? ಹುಕ್ಕೇರ್ಯಾಗ ಭಟ್ಟಿ ಹಿಂದಿನ ಗ್ವಾಡಿ ಬುಡಕ ಇವನ ಹೆರಿಗಿ ಕಸಾ ಹುಗದಾಕಿ ನಾನ. ಸಂಶೇ ಇದ್ರ ಅಗದ ನೋಡ್ರಿ ವಕೀಲ್ರ, ಗುದ್ದಲಿ ನಾ ಕೊಡ್ತೇನಿ."

ಪಡಸಾಲೆ ನಕ್ಕಿತು. ನಾನು ಎದ್ದು ನಿಂತೆ. ಕಾಲು ಮುಂದಾಗಿ ಹುಟ್ಟಿದವರು ಬೆನ್ನಿಗೆ ಕಾಲು ಸೋಕಿಸಿದರೆ ಉಳುಕು ಬಿಡುತ್ತದೆಂದು ನಮ್ಮ ಕಡೆ ನಂಬಿಕೆ. ಗೋಕಾಕದ ಅರ್ಧ ಪೇಟೆ ಇವನ ಎದುರು ಬೋರಲು ಮಲಗೆದ್ದಿತ್ತು, ಕ್ಯಾಪ್ಟನ್ನೂ ಸೇರಿ. "ಅಜ್ಜಿಯ ಮಾತಿಗೆ ಇಡೀ ಪೇಟೆಯ ಬೆನ್ನು ಸಾಕ್ಷಿ" ಎಂದೆ. ಚಪ್ಪಾಳೆ ಬಿತ್ತು. ಆ ಚಪ್ಪಾಳೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ವಕೀಲರು ಸಾವಕಾಶ ಎದ್ದರು. "ನಾ ಸೋತೆ ತಮ್ಮಾ. ಇಂವ ಪರದೇಶಿ ಅಲ್ಲ, ಹುಕ್ಕೇರಿಯಾಂವ. ನಮ್ಮ ತಾಲ್ಲೂಕಿನಾಂವ. ಅಂದಮ್ಯಾಲೆ ಗೋಕಾಕಕ್ಕ ಹೆಂಗ ಆಡ್ತಾನ?"

ನಾನು ನಿಂತಲ್ಲೇ ಕೂತೆ.

ಆದರೆ ದಾರಿ ಮುಚ್ಚಿರಲಿಲ್ಲ. ಯಜಮಾನರು ಒಳಗಿನಿಂದ ಗಂಗಾಳ ತರಿಸಿದರು. ರೊಟ್ಟಿ, ಝುಣಕ, ಬೆಣ್ಣೆ. ಅದನ್ನು ನಡುವೆ ಇಟ್ಟು ಕ್ಯಾಪ್ಟನ್ನನ ಕಡೆ ತಿರುಗಿದರು. "ಹದಿನೈದ ವರ್ಷ ನಿಮ್ಮೂರಾಗ ಅದಾನಂತ. ನಿಮ್ಮಾಂವ ಅಂತ ಕೈ ಎತ್ತೀರೇನ್ರಿ?"

ಇವನು ಗಂಗಾಳದ ಆ ಬದಿಗೆ ಕೂತೂ ಬಿಟ್ಟ. ಕೈ ತೊಳೆದುಕೊಂಡಿದ್ದ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡದ್ದು ನೋಡಿದೆ. ಕ್ಯಾಪ್ಟನ್ ನೆಲ ನೋಡಿದ. ಆಮೇಲೆ ಮನೆಯ ಹಿರಿಯನಾಗಿ ಜೊತೆಗೆ ಬಂದಿದ್ದ ತನ್ನ ಕಾಕಾನನ್ನು ನೋಡಿದ. ಕಾಕಾ ಮೇಲಿನ ಜಂತಿ ನೋಡುತ್ತಿದ್ದ. ಯಜಮಾನರು ಇನ್ನೊಮ್ಮೆ ಕೇಳಿದರು. ಮೂರನೇ ಸಲ ಕೇಳಲಿಲ್ಲ.

ನಾನು ಕೈಯೆತ್ತಬಹುದಿತ್ತೇ? ನಿಯಮದಲ್ಲಿ ನನಗೆ ಜಾಗವಿರಲಿಲ್ಲ. ಇದ್ದಿದ್ದರೆ? ಅವನ ಮನೆಯ ಪಾವನ್ನು ನಾನು ಕದ್ದು ತಿಂದವನು. ಪಡಸಾಲೆಯ ನಡುವೆ, ನಮ್ಮಪ್ಪನ ಗೆಳೆಯರ ಎದುರು ತಿನ್ನುತ್ತಿದ್ದೆನೇ? ತಿನ್ನುತ್ತಿದ್ದೆ ಎಂದು ಬರೆಯಲು ಲೇಖನಿ ಸಿದ್ಧವಿದೆ, ನಾನು ಸಿದ್ಧನಿಲ್ಲ.

ಹೊರಗೆ ಬಂದಾಗ ವಕೀಲರು ಹುಕ್ಕೇರಿಯ ಅಂಗಿ ಹಿಡಿದು ನಿಂತಿದ್ದರು. ಅಷ್ಟು ಹೊತ್ತು ಪರದೇಶಿಯಾಗಿದ್ದವನು ಅವರಿಗೀಗ "ನಮ್ಮ ಹುಡುಗ".

"ಹಾಕ್ಕೋಬ್ಯಾಡಲೇ. ಸ್ವಾಭಿಮಾನ ಅಂಬೂದೊಂದ ಐತಿ" ಎಂದೆ.

"ನಿಮ್ಮಪ್ಪಂದು ಹೊಲಾ ಐತಿ, ನಿನಗ ಸ್ವಾಭಿಮಾನ ಸೋವಿ" ಎಂದ. ಅವನ ದನಿ ಏರಲಿಲ್ಲ. "ನನಗ ಎರಡ ಕಾಲ ಅದಾವ. ಆ ಮುಂಬಯಿ ಕೋಟಿನಾಂವ ಸಂಜಿ ರೈಲಿಗೆ ಹೊಂಟಾನ. ಯಾರ ಅಂಗಿಯಾಗ ಆಡಿದೆ ಅಂತ ಅಂವ ಕೇಳೂದಿಲ್ಲ. ಅವರ ತಾಟಿನ್ಯಾಗ ಜಾಗಾ ಇರಲಿಲ್ಲ, ಈಗ ಗೋಲಿನ್ಯಾಗ ಜಾಗಾ ಐತೇನ್ ನೋಡ್ತೇನಿ."

ಇತ್ತು. ಒಂದೇ ಗೋಲು, ಅವನದೇ. ಹೊಡೆದು ಕುಣಿಯಲಿಲ್ಲ; ಬಲೆಯಿಂದ ಚೆಂಡು ತೆಗೆದು ತಾನೇ ನಡುಗೆರೆಗೆ ತಂದಿಟ್ಟ. ನಮ್ಮವರು ಹೆಂಟೆ ಎಸೆದರು. ಒಂದು ಹೆಂಟೆ ಸೂಲಗಿತ್ತಿಗೆ ಬಿತ್ತು. ಸಂಜೆ ಗೋಕಾಕ ರೋಡ್ ಸ್ಟೇಷನ್ನಿನಲ್ಲಿ ಅವನನ್ನು ಕಳಿಸಲು ಹೋದವರು ಇಬ್ಬರು, ಅವನಪ್ಪ ಮತ್ತು ನಾನು.

ಆರು ವರ್ಷ ಮುಂಬಯಿಯಲ್ಲಿ ಆಡಿದ. ಮೊದಲ ತಿಂಗಳು ಬೂಟು ಕಚ್ಚಿ ರಕ್ತ ಬಂತಂತೆ, ಬಿಡಲಿಲ್ಲ. ನಾನು ಪರೀಕ್ಷೆಗೆಂದು ಮುಂಬಯಿಗೆ ಹೋದಾಗ ಅವನ ಆಟ ನೋಡಿದೆ. ಅವನಿಗೆ ಚೆಂಡು ಸಿಕ್ಕಾಗಲೆಲ್ಲ ಗಿರಣಿಯ ಸಾವಿರ ಮರಾಠಿ ಕೊರಳು "ಗೋಕಾಕ! ಗೋಕಾಕ!" ಎಂದು ಕೂಗುತ್ತಿದ್ದವು. ನಮ್ಮ ಊರಿನ ಹೆಸರನ್ನು ಅಷ್ಟು ಜನ ಪ್ರೀತಿಯಿಂದ ಕೂಗಿದ್ದನ್ನು ಮತ್ತೆಲ್ಲೂ ಕೇಳಿಲ್ಲ. ಇತ್ತ ಊರಿನವರು ಮುದುಕನ ಭಟ್ಟಿಯ ಹತ್ತಿರ ಸುಳಿಯುವುದನ್ನೇ ಬಿಟ್ಟರು. ಅವನೂ ಮಗನ ಬಳಿಗೆ ಹೋದ. ಈಗ ಇವನ ಮೊಣಕಾಲು ಹೋಗಿದೆ. ಗಿರಣಿ ಹುಡುಗರಿಗೆ ಆಟ ಕಲಿಸುತ್ತಾನೆ. ಯಾರು ಯಾರನ್ನು ಬಿಟ್ಟರು ಎಂಬುದನ್ನು ಚಹಾದಂಗಡಿಯವರು ತೀರ್ಮಾನಿಸಲಿ.

ಹೋದ ತಿಂಗಳು ಊರ ಕ್ಲಬ್ಬಿನ ಕೂಟದಲ್ಲಿ ನಮ್ಮ ಹಳೆಯ ಕ್ಯಾಪ್ಟನ್ ಭಾಷಣ ಮಾಡಿದರು. ಈಗ ಅವರೇ ಜಿನ್ನಿನ ಮಾಲೀಕರು. "ಹಾಲು ಕುಡಿಸಿದ ಕೈಯನ್ನೇ ಕಚ್ಚಿದ" ಎಂದರು. ಮರುದಿನ ನಾನು ಅವರ ಕಚೇರಿಗೆ ಹೋದೆ.

"ಬಾರೋ ಪಂಡಿತಾ, ಕುಂಡರ. ಚಾ ಹೇಳ್ಲೇನು?"

"ಚಾ ಇರಲಿ ಅಣ್ಣಾರ. ಒಂದ ಕೇಳಿ ಹೋಗ್ತೇನಿ. ಅವತ್ತ ಯಜಮಾನ್ರ ಪಡಸಾಲ್ಯಾಗ ಅಂವ ಕೈ ತೊಳಕೊಂಡ ಕುಂತಿದ್ದಾ. ಯಜಮಾನ್ರು ನಿಮಗ ಎರಡ ಸಲ ಕೇಳಿದ್ರು. ಒಂದ ತುತ್ತ್ರಿ ಅಣ್ಣಾರ, ಬರೇ ಒಂದ ತುತ್ತು. ಯಾಕ ಉಣಲಿಲ್ಲ?"