ಅತ್ತೆ ಪತ್ತೆ ಹಚ್ಚಿದ ಎಂಜಲು

ಮೂರನೇ ಸಲವೂ ಫಿಲ್ಮಿನ ಮೇಲೆ ಎರಡು ಕಪ್ಪು ಪಟ್ಟಿ!

ಬರಬೇಕಾದದ್ದು ಒಂದೇ. ಡಾರ್ಕ್ ರೂಮಿನಿಂದ ಒದ್ದೆ ಫಿಲ್ಮ್ ಹಿಡಿದು ಹೊರಗೆ ಬಂದವನು ಕಾರಿಡಾರಿನಲ್ಲೇ ಕುಕ್ಕರಗಾಲಲ್ಲಿ ಕೂತುಬಿಟ್ಟೆ.

ಇದು ಎಂಬತ್ತರ ದಶಕದ ಕೊನೆಯ ಮಾತು. ಆಗ ನಾನು ಅಮೆರಿಕದ ಬೇ ಏರಿಯಾದ ಒಂದು ಲ್ಯಾಬಿನಲ್ಲಿ ಪೋಸ್ಟ್‌ಡಾಕ್, ಅಂದರೆ ಪಿಎಚ್‌ಡಿ ಮುಗಿಸಿದ ಹಂಗಾಮಿ ಸಂಶೋಧಕ. ಯೂನಿಯನ್ ಸಿಟಿಯಲ್ಲಿ ಪುಟ್ಟ ಅಪಾರ್ಟ್‌ಮೆಂಟು. ಹೆಂಡತಿ ವತ್ಸಲಾಗೆ ಎಂಟು ತಿಂಗಳು, ಬಾಣಂತನಕ್ಕೆಂದು ಮೈಸೂರಿನಿಂದ ಅತ್ತೆ ಬಂದಿದ್ದರು.

ಬಾಸು ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಎರಡು ವಾರದಲ್ಲಿ ಆ ಎರಡನೇ ಪಟ್ಟಿ ಮಾಯವಾಗದಿದ್ದರೆ ಪ್ರಾಜೆಕ್ಟು ಇನ್ನೊಬ್ಬರಿಗೆ, ನನ್ನ ಕೆಲಸ ರಿನ್ಯೂ ಇಲ್ಲ.

ಕೆಲಸ ಹೋದರೆ ವೀಸಾ ಹೋಯಿತು. ಹುಟ್ಟುವ ಮಗುವನ್ನು ಎತ್ತಿಕೊಂಡು ಎಲ್ಲಿಗೆ ಹೋಗಲಿ?

ಆ ಭಾನುವಾರ ಬರ್ಕ್ಲಿಯ ಇಂಡಿಯನ್ ಗ್ರೋಸರಿಗೆ ಹೊರಟಿದ್ದೆವು. ದಾರಿಯಲ್ಲೇ ಲ್ಯಾಬು. ನಾಲ್ಕನೇ ಸಲದ ಪ್ರಯೋಗ ಮುಗಿಸಿಬಿಡೋಣ ಅಂತ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋದೆ.

ಅತ್ತೆಯ ಬಗ್ಗೆ ಒಂದು ಮಾತು ಹೇಳಬೇಕು. ಅಳಿಯನ ಜೊತೆ ಅವರು ನೇರವಾಗಿ ಮಾತಾಡುವವರಲ್ಲ. ನಾನು ಎದುರಿಗೇ ಕೂತಿದ್ದರೂ "ಅವರಿಗೆ ಇನ್ನೊಂಚೂರು ಹುಳಿ ಬೇಕಾ ಕೇಳೇ" ಅಂತ ಮಗಳಿಗೆ ಹೇಳುವರು.

ಲ್ಯಾಬಿನಲ್ಲೂ ಅದೇ. ಸ್ಟೂಲಿನ ಮೇಲೆ ಸೆರಗು ಹೊದ್ದು ಕೂತು, "ಆ ತಟ್ಟೇಲಿ ಏನಿದೆ ಅಂತ ಕೇಳೇ" ಅಂದರು.

ಕೆಲಸ ಹೋಗುವುದರಲ್ಲಿದ್ದರೂ ನನಗೆ ಜಂಬಕ್ಕೇನು ಕಡಿಮೆ? ಶುರು ಮಾಡಿದೆ.

ತಟ್ಟೆಯಲ್ಲಿ ಜೀವಕೋಶಗಳಿವೆ. ಅವುಗಳ ಮೈಮೇಲೆ ಸುದ್ದಿ ಹಿಡಿಯುವ ರಿಸೆಪ್ಟರುಗಳು, ಅರ್ಧ ಹೊರಗೆ, ಅರ್ಧ ಒಳಗೆ. ಬೆಳವಣಿಗೆಯ ರಸ ಹೊರಗಿನಿಂದ ಬಂದು ತಾಕಿದರೆ ಎರಡೆರಡು ರಿಸೆಪ್ಟರು ಜೋಡಿಯಾಗಿ, ಒಳಗಡೆ ಒಂದಕ್ಕೊಂದು ಫಾಸ್ಫೇಟ್ ಅಂಟಿಸುತ್ತವೆ. ಮುತ್ತೈದೆಯರು ಒಬ್ಬರಿಗೊಬ್ಬರು ಕುಂಕುಮ ಇಟ್ಟ ಹಾಗೆ.

ಆ ಗುರುತು ನೋಡಿ ಒಳಗಿನವರು ಸುದ್ದಿಯನ್ನು ಕೈಯಿಂದ ಕೈಗೆ ದಾಟಿಸುತ್ತಾರೆ. ನ್ಯೂಕ್ಲಿಯಸ್ ತಲುಪುವ ಹೊತ್ತಿಗೆ ಅದು ಅಪ್ಪಣೆಯಾಗಿರುತ್ತದೆ... ಬೆಳೆ, ಎರಡಾಗು.

ಫಿಲ್ಮಿನ ಮೇಲೆ ಕಾಣುವ ಕಪ್ಪು ಪಟ್ಟಿ ಆ ಕುಂಕುಮ. ಎರಡು ತಟ್ಟೆಗಳನ್ನೂ ಹಿಂದಿನ ಸಂಜೆಯಿಂದ ಉಪವಾಸ ಕೆಡವುತ್ತೇನೆ. ಬೆಳಿಗ್ಗೆ ಒಂದಕ್ಕೆ ಐದು ನಿಮಿಷ ರಸ, ಇನ್ನೊಂದಕ್ಕೆ ಬರೀ ಉಪ್ಪುನೀರು. ಉಪ್ಪುನೀರಿನದಕ್ಕೆ ಪಟ್ಟಿ ಬರಲೇಬಾರದು, ಆದರೂ ಬರುತ್ತಿದೆ.

"ಆ ರಸ ಯಾತರದ್ದು ಕೇಳೇ."

ಇಲಿಯ ಜೊಲ್ಲಿನ ಗ್ರಂಥಿಯಿಂದ ತೆಗೆದದ್ದು ಅಂದೆ.

"ರಾಮ ರಾಮ!" ಅತ್ತೆ ಸ್ಟೂಲ್ ಸಮೇತ ಎರಡಡಿ ಹಿಂದೆ ಹೋದರು.

ಅಷ್ಟರಲ್ಲಿ ವತ್ಸಲಾ ರೆಸ್ಟ್‌ರೂಮಿಗೆ ಎದ್ದು ಹೋದಳು. ನಾನು ಗಾಜಿನ ಪಿಪೆಟ್ಟಿನಲ್ಲಿ ಬಾಟಲಿಯ ಉಪ್ಪುನೀರು ಎತ್ತಿ, ಒಂದು ಟ್ಯೂಬಿನಲ್ಲಿ ಅದಕ್ಕೆ ರಸ ಬೆರೆಸಿ, ಅದೇ ಪಿಪೆಟ್ಟಿನಿಂದ ಮೊದಲ ತಟ್ಟೆಗೆ ಬಿಟ್ಟೆ. ಅದೇ ಪಿಪೆಟ್ಟನ್ನು ಮತ್ತೆ ಬಾಟಲಿಗೆ ಅದ್ದಿ ಎರಡನೆಯದಕ್ಕೆ ನೀರು ಬಿಟ್ಟೆ.

ಅತ್ತೆ ಚಡಪಡಿಸಿದರು. ಬಾಗಿಲ ಕಡೆ ನೋಡಿದರು. ಮಗಳ ಸುಳಿವಿಲ್ಲ. ಕೊನೆಗೆ ತಡೆಯಲಾರದೆ, ಪಕ್ಕದಲ್ಲಿದ್ದ ಫ್ರಿಜ್ಜಿನ ಕಡೆ ತಿರುಗಿದರು.

"ಎಲೆಗೆ ತಾಕಿದ ಸೌಟನ್ನ ಮತ್ತೆ ಪಾತ್ರೆಗೆ ಅದ್ದಿದ್ರೆ ಪಾತ್ರೆಯೆಲ್ಲಾ ಎಂಜಲಾಗಲ್ವೇ? ಉಪವಾಸದವರಿಗೂ ಅದೇ ಪಾತ್ರೆಯಿಂದ ಬಡಿಸಿದ್ರೆ ಉಪವಾಸ ಎಲ್ಲಿ ಉಳೀತು?"

ನನಗೆ ನಗು ತಡೆಯಲಾಗಲಿಲ್ಲ. "ಅತ್ತೆ, ಇದು ಸೈನ್ಸು. ಇಲ್ಲಿ ಎಂಜಲು ಗಿಂಜಲು ಏನೂ ಇಲ್ಲ."

ಅವರು ಸ್ಟೂಲನ್ನು ಇನ್ನೊಂದಡಿ ಹಿಂದಕ್ಕೆ ಎಳೆದುಕೊಂಡರು.

ನಾಲ್ಕನೇ ಫಿಲ್ಮಿನಲ್ಲೂ ಎರಡು ಪಟ್ಟಿ. ಪಟ್ಟಿ ತೋರಿಸುವ ಆಂಟಿಬಾಡಿ ಬದಲಾಯಿಸಿದೆ, ಹೊಸ ಕೋಶ ಬೆಳೆಸಿದೆ, ಪಕ್ಕದ ಬೆಂಚಿನವನ ಮೇಲೆ ಅನುಮಾನಪಟ್ಟು ಜಗಳವನ್ನೂ ಆಡಿದೆ. ಐದನೇ ಸಲವೂ ಅದೇ ಹಣೆಬರಹ.

ಉಳಿದದ್ದು ನಾಲ್ಕೇ ದಿನ.

ಊಟದ ಹೊತ್ತಿನಲ್ಲಿ ಲ್ಯಾಬು ಖಾಲಿಯಾಗುವುದನ್ನೇ ಕಾದೆ. ಕಳ್ಳನ ಹಾಗೆ ಹೊಸ ಉಪ್ಪುನೀರು ಮಾಡಿಕೊಂಡೆ. ಎರಡು ಬಾಟಲಿ, ಎರಡು ಪಿಪೆಟ್ಟು, ಒಂದಕ್ಕೊಂದು ಸೋಂಕಿಲ್ಲ. ಉಪವಾಸದವರಿಗೆ ಮೊದಲು, ಉಂಡವರಿಗೆ ಆಮೇಲೆ.

ಫಿಲ್ಮ್ ತೊಳೆದು ಬೆಳಕಿಗೆ ಹಿಡಿಯುತ್ತೇನೆ... ಒಂದೇ ಪಟ್ಟಿ! ಇನ್ನೊಂದು ಜಾಗ ಖಾಲಿ ಖಾಲಿ. ಅಯ್ಯೋ ದೇವರೇ, ಅಳುವೇ ಬಂದುಬಿಟ್ಟಿತು.

ಪಿಪೆಟ್ಟಿನ ತುದಿಗೆ ಅಂಟಿದ್ದ ಒಂದು ತೊಟ್ಟು ಬಾಟಲಿ ಸೇರುತ್ತಿತ್ತು. ಹಸಿದ ಕೋಶಗಳಿಗೆ ಅದರ ವಾಸನೆಯೇ ಸಾಕಾಗಿತ್ತು.

ಬಾಸು ಕುಣಿದಾಡಿದ. ಹೇಗೆ ಹಿಡಿದೆ ಅಂತ ಕೇಳಿದ. ನಾನೇ ಯೋಚನೆ ಮಾಡಿ ಹಿಡಿದೆ ಅಂದೆ, ಕಣ್ಣು ಮಿಟುಕಿಸದೆ. ಬಳಸಿದ ಪಿಪೆಟ್ಟನ್ನು ಬಾಟಲಿಗೆ ಅದ್ದಬಾರದು ಅಂತ ಚೀಟಿ ಬರೆದು, ಮೇಲೆ 'ಶ್ರೀಧರನ ರೂಲು' ಅಂತ ನನ್ನ ಹೆಸರನ್ನೇ ಇಟ್ಟು ಗೋಡೆಗೆ ಅಂಟಿಸಿದ. ಗೌರವವೋ ಗೇಲಿಯೋ ಇವತ್ತಿಗೂ ಗೊತ್ತಿಲ್ಲ.

ಕೆಲಸ ಉಳಿಯಿತು. ಮಗಳು ಹುಟ್ಟಿದಳು.

"ಅಮ್ಮನಿಗೆ ನೀವೇ ಹೇಳ್ರೀ," ಅಂತ, ನಿಜ ಗೊತ್ತಿದ್ದ ವತ್ಸಲಾ ದಿನಾ ತಿವಿಯುತ್ತಿದ್ದಳು. ನಾಳೆ ಹೇಳೋಣ, ನಾಡಿದ್ದು ಹೇಳೋಣ... ಅತ್ತೆ ವಿಮಾನ ಹತ್ತಿ ಹೋಗಿಯೂಬಿಟ್ಟರು. ಎಂಥಾ ಒಣ ಜಂಬ ನೋಡಿ ನನ್ನದು!

ಅತ್ತೆಗೆ ಈಗ ತೊಂಬತ್ತು ದಾಟಿದೆ, ಕಿವಿ ಚುರುಕಾಗಿಯೇ ಇದೆ. ಹೋದ ವಾರ, ವತ್ಸಲಾ ಸ್ಪೀಕರ್ ಹಾಕಿಟ್ಟಿದ್ದ ಫೋನಿನಲ್ಲಿ ಧೈರ್ಯ ಮಾಡಿ ಹೇಳಿಬಿಟ್ಟೆ. ಅತ್ತೆ, ಅದು ಎಂಜಲೇ ಆಗಿತ್ತು, ನೀವು ಹೇಳಿದ್ದೇ ಸರಿ, ನಾನು ನಕ್ಕಿದ್ದು ತಪ್ಪಾಯಿತು.

ಆ ಕಡೆಯಿಂದ ಅತ್ತೆ ಈಗಲೂ ವತ್ಸಲಾಗೇ ಹೇಳಿದರು.

"ನಂಗೆ ಆಗಲೇ ಗೊತ್ತಾಗಿತ್ತು ಅಂತ ಹೇಳೇ. ಕೆಲಸ ಉಳಿದ ವಾರದಿಂದ ಮನೇಲಿ ಅವರು ಮೊಸರಿಗೇ ಬೇರೆ ಸೌಟು, ಸಾರಿಗೇ ಬೇರೆ ಸೌಟು ಹುಡುಕೋಕೆ ಶುರು ಮಾಡಿದ್ರಲ್ಲ!"

ಮೂವತ್ತು ವರ್ಷಕ್ಕೂ ಮೇಲೆ ನಾನು ಬಚ್ಚಿಟ್ಟುಕೊಂಡದ್ದು ಯಾರಿಂದ, ಹೇಳಿ?