ಇನ್ನೂ ಒಂಬತ್ತು ಕಾರ್ಡು ಬಾಕಿ

ಬೆಳಗಿನ ಐದೂಕಾಲು. ಹಾರೋಹಳ್ಳಿ ಕೈಗಾರಿಕಾ ಪ್ರದೇಶಕ್ಕೆ ಹೆಂಗಸರನ್ನು ಕರೆದೊಯ್ಯುವ ಕಂಪನಿ ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿದೆ. ನಿಲ್ದಾಣದ ಕಲ್ಲುಬೆಂಚಿನ ಮೇಲೆ ಮುನಿರತ್ನಮ್ಮ ತಲೆಗೆ ಸೆರಗು ಹೊದ್ದು ಕುಳಿತಿದ್ದಾರೆ. ಪಕ್ಕದಲ್ಲೊಂದು ಪ್ಲಾಸ್ಟಿಕ್ ಡಬ್ಬಿ. ಅದರಲ್ಲಿ ಒಂದು ಹಳೆಯ ಮೊಬೈಲು, ಒಂದು ಟಾರ್ಚು, ಅಂಚು ಸವೆದ ನೋಟ್‌ಬುಕ್ಕು.

ತಾಹೇರಾ ಸರಸರ ಬಂದು ಒಂದು ಫೋನನ್ನು ಅವರ ಕೈಗೆ ತುರುಕುತ್ತಾರೆ. "ಅಕ್ಕಾ, ಜಲ್ದಿ ಒಸಿ ನೋಡ್ಬುಡಿ. ಮಗ ಮಲ್ಗವ್ನೆ, ತಂದಿರೋದು ಅವನ್ಗೆ ಗೊತ್ತಿಲ್ಲ."

ಮುನಿರತ್ನಮ್ಮ ಫೋನನ್ನು ತೆರೆಯದೆ ವಾಪಸು ಕೊಡುತ್ತಾರೆ. "ಅವನ್ಗೆ ಗೊತ್ತಿಲ್ದಂಗೆ ನಾನು ನೋಡಾಕಿಲ್ಲ ಕಣಮ್ಮ. ನಾಳೀಕೆ ಅವನ್ನೂ ಕರ್ಕಂಡ್ ಬಾ. ಅರ್ಧ ಗಂಟೆ ಮುಂಚೆ ಎಬ್ಬುಸು, ಏನೂ ಆಗಾಕಿಲ್ಲ."

ತಾಹೇರಾ ಮುಖ ಗಂಟು ಹಾಕಿಕೊಂಡು ಬಸ್ಸಿಗೆ ಕಾಯುವವರ ಸಾಲಿಗೆ ಸೇರುತ್ತಾರೆ. ಬೆಂಚಿನ ಆ ತುದಿಯಲ್ಲಿ ಆಕಳಿಸುತ್ತ ನಿಂತ ಮೂವರು ಮಕ್ಕಳು ತಮ್ಮ ಸರದಿಗೆ ಕಾಯುತ್ತಿದ್ದಾರೆ. ಸ್ವಲ್ಪ ದೂರದ ಹೊಂಗೆ ಮರದ ಕೆಳಗೆ, ಯಾರ ಜೊತೆಗೂ ಮಾತಿಲ್ಲದೆ, ಊಟದ ಬುತ್ತಿ ಹಿಡಿದು ಒಬ್ಬ ಹೆಂಗಸು ನಿಂತಿದ್ದಾರೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮುನಿರತ್ನಮ್ಮ ಆ ಕಡೆಗೊಮ್ಮೆ ನೋಡಿ, ತಲೆ ತಗ್ಗಿಸಿ, ಮೊದಲ ಹುಡುಗನ ಫೋನು ತೆಗೆದುಕೊಳ್ಳುತ್ತಾರೆ.

ಮುನಿರತ್ನಮ್ಮನಿಗೀಗ ಮೂವತ್ತೊಂಬತ್ತು. ಕೆಲಸ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ತರಕಾರಿ ಹೆಚ್ಚುವುದು. ಕಳೆದ ವರ್ಷದ ಶುರುವಿನವರೆಗೆ ಅವರಿಗೊಂದು ಅಂಗಡಿಯಿತ್ತು. ಎಸ್‌ಟಿಡಿ ಬೂತಾಗಿ ಶುರುವಾದದ್ದು. ಎಲ್ಲರ ಕೈಗೂ ಮೊಬೈಲು ಬಂದ ಮೇಲೆ ಬೂತಿಗೆ ನೊಣ ಹೊಡೆಯುವ ಗತಿ ಬಂತು. ಹಳೆಯ ಕಂಪ್ಯೂಟರೊಂದನ್ನು ತಂದು, ಮೊಬೈಲಿಗೆ ಕರೆನ್ಸಿ ಹಾಕುವುದು, ಮೆಮೊರಿ ಕಾರ್ಡಿಗೆ ಹಾಡು ತುಂಬುವುದು ಶುರುಮಾಡಿದರು. ಉಗುರಿನಷ್ಟಗಲದ ಕಾರ್ಡು, ತುಂಬಿಸಿದರೆ ಇಪ್ಪತ್ತು ರೂಪಾಯಿ. ಸಂಬಳದ ದಿನ ಅಂಗಡಿಯ ಮುಂದೆ ಸಾಲು ನಿಲ್ಲುತ್ತಿತ್ತು.

ಈ ಕಸುಬಿಗೆ ಒಂದು ರೂಢಿಯಿತ್ತು. ಗಿರಾಕಿಯ ಕಾರ್ಡನ್ನು ಕಂಪ್ಯೂಟರಿಗೆ ಹಾಕಿದ ಕೂಡಲೇ ಅದರೊಳಗೆ ಏನಿದೆಯೋ ಅಷ್ಟನ್ನೂ ಮೊದಲು ತಮ್ಮ ಕಡೆಗೆ ಎಳೆದುಕೊಳ್ಳುವುದು, ಆಮೇಲೆ ತಮ್ಮ ಬಳಿ ಇರುವ ಹೊಸದನ್ನೆಲ್ಲ ಅದಕ್ಕೆ ತುಂಬುವುದು. ಹಾಗೆಯೇ ಅಂಗಡಿಯ ಸರಕು ಬೆಳೆಯುತ್ತಿದ್ದದ್ದು. ಚನ್ನಪಟ್ಟಣದಿಂದ ಕನಕಪುರದವರೆಗೆ ಯಾವ ಅಂಗಡಿಯಲ್ಲೂ ಇದು ತಪ್ಪೆಂದು ಯಾರಿಗೂ ಅನ್ನಿಸಿರಲಿಲ್ಲ. ಎಳೆದುಕೊಂಡದ್ದರಲ್ಲಿ ಏನಿದೆ ಎಂದು ನೋಡಲು ಪುರುಸೊತ್ತಾದರೂ ಯಾರಿಗಿತ್ತು?

"ಹೊಸದು ಏನಿದ್ರೂ ಹಾಕಕ್ಕ ಅನ್ನೋರು. ಹಾಕ್ತಿದ್ದೆ. ಒಂದು ಸಲ ಒತ್ತುದ್ರೆ ಎಲ್ಲಾ ಹೋಗೋದು. ಹಾಡೋ, ಸಿನ್ಮಾನೋ, ಮತ್ತೊಂದೋ, ನಾನು ನೋಡ್ತಿರ್ನಿಲ್ಲ," ಎನ್ನುತ್ತಾರೆ ಮುನಿರತ್ನಮ್ಮ.

2008ರ ಮಾರ್ಚಿನ ಒಂದು ಬುಧವಾರ ಒಬ್ಬ ಶಾಲಾ ಹುಡುಗ ಕಾರ್ಡು ತಂದುಕೊಟ್ಟ. ಅದರಲ್ಲಿ ಅವನೇ ತೆಗೆದ ಮೂವತ್ತೆರಡು ಸೆಕೆಂಡಿನ ವಿಡಿಯೊ ಒಂದಿತ್ತು. ಕೆರೆ ಏರಿಯ ಹಿಂದೆ ಅವನ ಜೊತೆ ಹತ್ತನೇ ತರಗತಿ ಓದುವ ಹುಡುಗಿ ಒಬ್ಬ ಹುಡುಗನ ಪಕ್ಕ ಕುಳಿತಿದ್ದಾಳೆ. ಅವನು ಸೀಬೆಹಣ್ಣು ಕೊಡುತ್ತಾನೆ. ಅವಳು ನಗುತ್ತಾಳೆ, ಅವನ ಕೈ ಹಿಡಿಯುತ್ತಾಳೆ. ಇರುವುದು ಇಷ್ಟೇ. ಇಷ್ಟಕ್ಕೇ ಊರು ಉರಿದುಬಿತ್ತು. ಬುಧವಾರದಿಂದ ಶನಿವಾರದವರೆಗೆ ಮುನಿರತ್ನಮ್ಮ ತುಂಬಿಸಿಕೊಟ್ಟ ಪ್ರತಿ ಕಾರ್ಡಿನಲ್ಲೂ ಸಿನಿಮಾ ಹಾಡುಗಳ ನಡುವೆ ಆ ಹುಡುಗಿ ಕೂತಿದ್ದಳು.

ಭಾನುವಾರ ಹುಡುಗಿಯ ಸೋದರಮಾವ ಅಂಗಡಿಗೆ ಬಂದು ಫೋನನ್ನು ಮೇಜಿಗೆ ಕುಕ್ಕಿ, "ಇದ್ನ ನಿನ್ನ ಅಂಗ್ಡೀಲೇ ಹಾಕ್ಸಿದ್ದಂತೆ" ಎಂದಾಗಲೇ ಮುನಿರತ್ನಮ್ಮ ಅದನ್ನು ಮೊದಲ ಸಲ ನೋಡಿದ್ದು. ದಿನಾ ಅಂಗಡಿಯ ಮುಂದೆಯೇ ಶಾಲೆಗೆ ಹೋಗುತ್ತಿದ್ದ ಹುಡುಗಿ. ಪರೀಕ್ಷೆಗೆ ಒಂದು ವಾರ ಉಳಿದಿತ್ತು. ಅವಳನ್ನು ಮನೆಯಿಂದ ಹೊರಗೆ ಬಿಡಲಿಲ್ಲ. ಮೂರನೇ ವಾರ ಮಾಗಡಿಯಾಚೆಯ ಹಳ್ಳಿಯೊಂದಕ್ಕೆ ಮದುವೆ ಮಾಡಿಕೊಟ್ಟರು. ಅವಳಿಗೆ ಹದಿನೆಂಟು ತುಂಬಲು ಇನ್ನೂ ಎರಡು ವರ್ಷವಿತ್ತು. ಕೈ ಹಿಡಿದು ಕೂತ ಹುಡುಗನೂ, ವಿಡಿಯೊ ತೆಗೆದವನೂ ಪರೀಕ್ಷೆ ಬರೆದರು, ಪಾಸಾದರು. ಇದನ್ನು ಬರೆಯುವಾಗಲೂ ಮೈ ಉರಿಯುತ್ತದೆ.

ಮದುವೆಯ ಮರುದಿನ ಮುನಿರತ್ನಮ್ಮ ಅಂಗಡಿಯ ಬಾಗಿಲು ಹಾಕಿಕೊಂಡು ನೆನಪಿನಿಂದ ಒಂದು ಪಟ್ಟಿ ಬರೆದರು. ಆ ನಾಲ್ಕು ದಿನಗಳಲ್ಲಿ ಕಾರ್ಡು ತುಂಬಿಸಿಕೊಂಡವರು ಅರವತ್ತೊಂದು ಮಂದಿ. ಒಬ್ಬೊಬ್ಬರ ಮನೆಗೂ ಹೋಗಿ ಅಳಿಸಿ ಬರುವುದೆಂದು ಹೊರಟರು. ಹನ್ನೊಂದು ಮನೆಗಳಲ್ಲಿ ಬೈಗುಳ, ಒಂದು ಮನೆಯಲ್ಲಿ ನಾಯಿ. ಆದರೆ ಬೇರೆ ಮನೆಗಳಲ್ಲಿ ಕಂಡದ್ದು ಅದಕ್ಕಿಂತ ಕೆಟ್ಟದ್ದು. ತಾಯಿ ಶಿಫ್ಟಿಗೆ ಹೋಗುತ್ತಾಳೆ, ಹೆದರಿಕೆಯಾದರೆ ಫೋನ್ ಮಾಡಲಿ ಎಂದು ಮೊಬೈಲನ್ನು ಮಗುವಿನ ಬಳಿ ಬಿಟ್ಟುಹೋಗುತ್ತಾಳೆ. ಎಂಟು ವರ್ಷದ ಮಗುವಿನ ಕೈಯಲ್ಲಿದ್ದ ಕಾರ್ಡಿನಲ್ಲಿ ದೊಡ್ಡವರೂ ನೋಡಬಾರದ ಚಿತ್ರಗಳು. ಅಪರಿಚಿತ ನಂಬರಿನಿಂದ ದಿನಕ್ಕೆ ಇಪ್ಪತ್ತು ಮಿಸ್ಡ್ ಕಾಲು. ತಂದೆತಾಯಿಗೆ ಹಸಿರು ಗುಂಡಿ, ಕೆಂಪು ಗುಂಡಿ ಬಿಟ್ಟರೆ ಬೇರೇನೂ ತಿಳಿಯದು. ಕಾರ್ಡು ಹುಡುಕಲು ಹೋದವರು ತಂದೆತಾಯಿಗೆ ಹೇಳಿಕೊಡಲು ಕುಳಿತದ್ದು ಹೀಗೆ.

ಅವರು ಹೇಳುವುದರಲ್ಲಿ ದೊಡ್ಡ ವಿದ್ಯೆಯೇನಿಲ್ಲ. ವಾರಕ್ಕೊಮ್ಮೆ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಕಾರ್ಡು ನೋಡಿ. ಬ್ಲೂಟೂತ್ ಆರಿಸಿಡಿ. ಫೋನು ಚಾರ್ಜಾಗುವುದು ಹಜಾರದ ಟೀವಿಯ ಮೇಲೆ, ಮಗುವಿನ ಹಾಸಿಗೆಯ ಪಕ್ಕದಲ್ಲಲ್ಲ. ಇನ್ನೊಬ್ಬರ ಚಿತ್ರ ಬಂದರೆ ಮುಂದಕ್ಕೆ ಕಳಿಸದಂತೆ ಹೇಳಿಕೊಡಿ. ರೇಷ್ಮೆ ಸಾಕುವವರ ಮನೆಗೆ ಹೋದರೆ ಅವರ ಮಾತಿನ ವರಸೆ ಬದಲಾಗುತ್ತದೆ. "ಹುಳದ ಮನೆಗೆ ಕೈಕಾಲು ತೊಳೀದೆ ಮಾವನ್ನೂ ಬುಡಾಕಿಲ್ಲ ನೀವು. ಮಗೀನ ಕೈಗೆ ಬಂದ ಕಾರ್ಡು ಎಲ್ಲಿಂದ ಬಂತು, ಯಾರ್ ಕೊಟ್ರು, ಕೇಳಿದ್ದೀರಾ?" ಎಂದರೆ ಗಂಡಸರೂ ತಲೆ ಕೆರೆದುಕೊಳ್ಳುತ್ತಾರೆ.

ಎಲ್ಲಕ್ಕಿಂತ ಮೊದಲು ಅವರು ಭಾಷೆ ತೆಗೆದುಕೊಳ್ಳುತ್ತಾರೆ. ಏನೇ ಕಂಡರೂ ಮಗುವಿಗೆ ಹೊಡೆಯುವುದಿಲ್ಲ, ಶಾಲೆ ಬಿಡಿಸುವುದಿಲ್ಲ ಎಂದು ತಂದೆತಾಯಿ ಅವರ ಅಂಗೈ ಮೇಲೆ ಕೈಯಿಡಬೇಕು. ಆದರೂ ಕಳೆದ ಚಳಿಗಾಲದಲ್ಲಿ ಕೈಯಿಟ್ಟ ತಂದೆಯೊಬ್ಬ ಅದೇ ಸಂಜೆ ಎಂಟನೇ ತರಗತಿಯ ಮಗಳಿಗೆ ಬಾಸುಂಡೆ ಬರುವಂತೆ ಬಾರಿಸಿ, ಪುಸ್ತಕಗಳನ್ನು ಒಲೆಗೆ ಹಾಕಿದ. ಮಗಳು ಯಾರೋ ಗೊತ್ತಿಲ್ಲದವನೊಂದಿಗೆ ಫೋನಿನಲ್ಲಿ ಮಾತಾಡುತ್ತಾಳೆಂದು, ಅವಳಿಗೆ ತಿಳಿಯದಂತೆ ಫೋನು ನೋಡಿ, ಅವನಿಗೆ ತಿಳಿಸಿದ್ದು ಮುನಿರತ್ನಮ್ಮನೇ.

"ಭಾಷೆ ಕೊಟ್ಟ ಕೈಯಲ್ಲೇ ಹೊಡ್ದ. ಎರಡ್ನೇ ಮಗೀನೂ ನಾನೇ ಹಾಳ್ ಮಾಡ್ಬುಟ್ಟೆ ಅನ್ಕಂಡೆ. ಹನ್ನೊಂದು ದಿನ ಅವನ ಜಗ್ಲಿ ಮೇಲೆ ಕೂತೆ. ಓಗು ಅಂದ, ಓಗ್ನಿಲ್ಲ."

ಹನ್ನೆರಡನೇ ದಿನ ಹುಡುಗಿ ಶಾಲೆಗೆ ಹೋದಳು. ಈಗಲೂ ಹೋಗುತ್ತಿದ್ದಾಳೆ. ದಾರಿಯಲ್ಲಿ ಮುನಿರತ್ನಮ್ಮ ಎದುರಾದರೆ ಮುಖ ತಿರುಗಿಸಿಕೊಳ್ಳುತ್ತಾಳೆ, ಚಾಡಿ ಹೇಳಿದವರೊಂದಿಗೆ ಮಾತೇನು ಎನ್ನುವಂತೆ. ಅಲ್ಲಿಂದೀಚೆಗೆ ಮಗುವಿಗೆ ತಿಳಿಯದಂತೆ ಯಾವ ಫೋನನ್ನೂ ಅವರು ಮುಟ್ಟಿಲ್ಲ. ತಾಹೇರಾಗೆ ಫೋನು ವಾಪಸು ಹೋದದ್ದು ಅದಕ್ಕೇ.

ದಿನಕ್ಕೆ ನಾಲ್ಕೈದು ಫೋನು, ಭಾನುವಾರ ಎರಡು ಮೂರು ಮನೆ. ಒಂದು ಶಾಲೆಯಲ್ಲಿ ಪೋಷಕರ ಸಭೆಗೆ ಹೋಗಿ ಎರಡು ಮಾತಾಡಲು ಕೇಳಿದ್ದಕ್ಕೆ, "ನಿಮ್ಮಂಥವರಿಂದಲೇ ಅಲ್ಲವೇ ಇದೆಲ್ಲ" ಎಂದು ಗೇಟಿನಿಂದಲೇ ಸಾಗಹಾಕಿದರು. ಗಂಡ ನರಸಯ್ಯ ಒಂದು ವರ್ಷ ಸರಿಯಾಗಿ ಮಾತಾಡಿರಲಿಲ್ಲ. ಈಗ ಬೆಳಗ್ಗೆ ಟಾರ್ಚಿಗೆ ಶೆಲ್ಲು ಹಾಕಿಕೊಡುವಷ್ಟು ರಾಜಿಯಾಗಿದ್ದಾರೆ.

ನೋಟ್‌ಬುಕ್ಕಿನಲ್ಲಿ ಐವತ್ತೆರಡು ಹೆಸರುಗಳಿಗೆ ಗೀಟು ಬಿದ್ದಿದೆ. ಒಂಬತ್ತು ಉಳಿದಿವೆ. ಅದರಲ್ಲಿ ಐವರು ಹೊರರಾಜ್ಯದ ಕೂಲಿಯವರು. ಗುತ್ತಿಗೆ ಮುಗಿದು ಎಲ್ಲಿಗೆ ಹೋದರೋ ಯಾರಿಗೂ ಗೊತ್ತಿಲ್ಲ. ಒಂದು ಕಾರ್ಡಿನಿಂದ ಆ ವಿಡಿಯೊ ಹತ್ತು ಫೋನಿಗೆ ಹೋಗಿರಬಹುದಲ್ಲವೇ ಎಂದು ಕೇಳಿದರೆ ಮುನಿರತ್ನಮ್ಮ ಪಟ್ಟಿಯ ಪುಟ ಮಡಚುತ್ತಾರೆ. "ಗೊತ್ತು. ಮುಗ್ಯಾಕಿಲ್ಲ ಅಂತ ನಂಗೂ ಗೊತ್ತು. ಅಂಗಂತ ಸುಮ್ಕೆ ಕೂರಾಕಾದದಾ?"

ಹೊಂಗೆ ಮರದ ಕೆಳಗೆ ನಿಂತ ಹೆಂಗಸು ಆ ಹುಡುಗಿಯ ತಾಯಿ. ದಿನಾ ಅದೇ ಬಸ್ಸು, ಅದೇ ಕಾರ್ಖಾನೆ. ಒಂದೂವರೆ ವರ್ಷ ಆಕೆ ಮುನಿರತ್ನಮ್ಮನನ್ನು ಕಣ್ಣೆತ್ತಿ ನೋಡಿರಲಿಲ್ಲ. ಕಳೆದ ತಿಂಗಳು ಒಂದು ಬೆಳಗ್ಗೆ ಬೆಂಚಿನ ಮುಂದೆ ಬಂದು ನಿಂತರು. ಬೈಯುತ್ತಾರೆಂದು ಮುನಿರತ್ನಮ್ಮ ಎದ್ದು ನಿಂತು ಕೈ ಕಟ್ಟಿಕೊಂಡರು. ಆಕೆ ಬೈಯಲಿಲ್ಲ.

"'ಅಮ್ಮ, ನನ್ನ ಮಾತು ಒಂದು ಕೇಳು' ಅಂದ್ಲು ಮಗಳು. ಮೂರು ವಾರಾನೂ ಅದೇ ಅಂದ್ಲು. ನಾವು ಕೇಳ್ನಿಲ್ಲ. ಊರೋರ ಫೋನಲ್ಲಿ ಇದ್ದುದ್ದ ನೋಡುದ್ವು, ಮಗಳ ಮಾತು ಕೇಳ್ನಿಲ್ಲ. ಇದ್ನೂ ಹೇಳು ಇವ್ರಿಗೆ," ಎಂದು ಬೆಂಚಿನ ಮುಂದಿದ್ದ ತಾಯಂದಿರ ಕಡೆ ಕೈ ತೋರಿಸಿ, ಹೋಗಿ ಮರದ ಕೆಳಗೆ ನಿಂತುಕೊಂಡರು. ಆ ದಿನ ಕ್ಯಾಂಟೀನಿನಲ್ಲಿ ಮುನಿರತ್ನಮ್ಮನ ಕಣ್ಣು ಆರಲೇ ಇಲ್ಲ. ಈರುಳ್ಳಿ ಹೆಚ್ಚುವ ಕೆಲಸವಾದ್ದರಿಂದ ಯಾರೂ ಏನೆಂದು ಕೇಳಲಿಲ್ಲ.

ಆ ಮಾತನ್ನು ಅವರೀಗ ಪ್ರತಿ ತಾಯಿಗೂ ಹೇಳುತ್ತಾರೆ, ಯಾರು ಹೇಳಿದ್ದೆಂದು ಮಾತ್ರ ಹೇಳುವುದಿಲ್ಲ.

ಬಸ್ಸಿನ ದೀಪ ತಿರುವಿನಲ್ಲಿ ಕಾಣುತ್ತದೆ. ಮುನಿರತ್ನಮ್ಮ ಡಬ್ಬಿ ಮುಚ್ಚಿ ಏಳುತ್ತಾರೆ. ಪತ್ರಿಕೆಯಲ್ಲಿ ಬರೆಯುವುದಾದರೆ ಹೆಸರು ಬದಲಿಸಬಹುದು ಎಂದಾಗ ಅವರ ದನಿ ಮೊದಲ ಸಲ ಗಟ್ಟಿಯಾಗುತ್ತದೆ.

"ಬ್ಯಾಡ. ನನ್ನ ಹೆಸ್ರು ಸರ್ಯಾಗಿ ಹಾಕಿ. ಕಾರ್ಡಿಗೆ ತುಂಬ್ದೋಳು ಮುನಿರತ್ನಮ್ಮ ಅಂತ್ಲೇ ಬರೀರಿ. ಆ ಮಗೀನ ಹೆಸ್ರು ಮಾತ್ರ ಎಲ್ಲೂ ಬರಬ್ಯಾಡ್ದು. ಅದು ಬೇಕಾದಷ್ಟು ಜನದ ಬಾಯಲ್ಲಿ ಬಂದೋಗೈತೆ."