ಇದ್ರೀಸಣ್ಣನ ಬೆರಕೆ ಕ್ಯಾಸೆಟ್ಟು

ನನಗೆ ಗೊತ್ತಿದ್ದಂತೆ ರಾಮನಗರದಲ್ಲಿ ಈಗಲೂ ಕ್ಯಾಸೆಟ್ಟು ತುಂಬಿಕೊಡುವವರು ಇದ್ರೀಸಣ್ಣ ಒಬ್ಬರೇ. ಅಂಗಡಿ ಎಂದರೆ ಒಂದು ಬಾಗಿಲು, ಒಂದು ಬೆಂಚು, ಎರಡು ಕ್ಯಾಸೆಟ್ಟು ಒಟ್ಟಿಗೆ ಹಿಡಿಯುವ ಒಂದು ಯಂತ್ರ. ದಿನವೂ ಮಾಡುವುದು ಮಿಕ್ಸಿ, ಫ್ಯಾನುಗಳ ರಿಪೇರಿ. ಯಂತ್ರದ ಮೇಲಿನ ಬಟ್ಟೆ ತೆಗೆದರೆಂದರೆ ಮಾತ್ರ ಅವತ್ತು ಮಿಕ್ಸಿ ಕೊಟ್ಟವರು ಬರಿಗೈಯಲ್ಲಿ ಹೋಗಬೇಕು.

ಅವರು ಹುಟ್ಟಿದ್ದು ಚನ್ನಪಟ್ಟಣದಲ್ಲಿ. ತಂದೆ ಮರದ ಬೊಂಬೆ ಕಡೆಯುತ್ತಿದ್ದರು. ಇದ್ರೀಸಣ್ಣನನ್ನೂ ಲೇತಿನ ಮುಂದೆ ಕೂರಿಸಿದರು. ಮೋಟಾರಿನ ಸದ್ದು ಒಂದು ಕೂದಲಷ್ಟು ಬದಲಾದರೂ ಇವರು ಮರ ಬಿಟ್ಟು ಮೋಟಾರು ಬಿಚ್ಚುತ್ತಿದ್ದರಂತೆ. "ಬುಗುರಿ ಕಡೆಯೋ ಅಂದ್ರೆ ಮೋಟಾರ್‌ಗೆ ಕಿವಿ ಕೊಟ್ಕಂಡು ಕೂತ್ಕತಾನೆ" ಎಂದು ಬೈದು ತಂದೆಯೇ ರಾಮನಗರದ ರೇಡಿಯೋ ಅಂಗಡಿಗೆ ಸೇರಿಸಿದರು. ಈಗ ಅವರಿಗೆ ಅರವತ್ತೆಂಟು. ಆ ಕಿವಿ ಹಾಗೇ ಇದೆ.

ಅವರ ಸ್ನೇಹಿತರು ಮಾಗಡಿಯ ಗವಿಸಿದ್ದಯ್ಯ. ಅವರು ರಾಕ್ ಹಾಡುವವರು. ರಾಕ್ ಎಂದರೆ ಗಿಟಾರು ಕರೆಂಟಿನಲ್ಲಿ ಕಿರುಚಬೇಕು, ಡ್ರಮ್ಮು ಎದೆಗೆ ಗುದ್ದಬೇಕು, ಮಾತು ಮಾತ್ರ ನಮ್ಮದೇ ಇರಬೇಕು ಎಂದು ಇದ್ರೀಸಣ್ಣ ನನಗೆ ಬಿಡಿಸಿ ಹೇಳಿದ್ದರು. ಗವಿಸಿದ್ದಯ್ಯನವರ ಮೊದಲ ಕ್ಯಾಸೆಟ್ಟು ತುಂಬಿದ್ದು ಇದೇ ಅಂಗಡಿಯಲ್ಲಿ, ಎಂಬತ್ತೊಂಬತ್ತನೇ ಇಸವಿಯಲ್ಲಿ. ಕೊನೇ ಬಸ್ಸು ತಪ್ಪಿಸಿಕೊಂಡವನ ಹಾಡು, ಮಾರ್ಕ್ಸ್ ಕಾರ್ಡು ತಿಂದ ಮೇಕೆಯ ಹಾಡು, ಇವೆಲ್ಲ ಅದರಲ್ಲಿದ್ದವು. ನಮ್ಮ ಕಡೆ ಅವನ್ನು ಕೇಳದ ಮನೆ ಇರಲಿಲ್ಲ. ಆಮೇಲೆ ಮೂವತ್ತೈದು ವರ್ಷಕ್ಕೂ ಮೇಲೆ ಅವರು ಹೊಸದೇನೂ ಕಟ್ಟಲಿಲ್ಲ. ಹೋದ ವರ್ಷ ಇದ್ದಕ್ಕಿದ್ದಂತೆ ಆರು ಹಾಡು ಕಟ್ಟಿದರು.

ಅವನ್ನು ಕನಕಪುರದಲ್ಲಿ ಮೊದಲ ಸಲ ಹಾಡಲು ನಿಂತಾಗ ಜನ "ಹಳೇದು ಹಾಕಣ್ಣೋ, ಮೇಕೆದು ಹಾಕಣ್ಣೋ" ಎಂದು ಕೂಗಿದರು. ಎರಡನೇ ಹಾಡಿಗೇ ಗವಿಸಿದ್ದಯ್ಯ ವೈರು ಕಿತ್ತುಕೊಂಡು ಕೆಳಗಿಳಿದರು. ಈ ಸಲ ಸಂಕ್ರಾಂತಿ ಕಳೆದ ಮೇಲೆ ಕನಕಪುರದವರೇ ಮತ್ತೆ ಕರೆದರು. ಗವಿಸಿದ್ದಯ್ಯ ಇದ್ರೀಸಣ್ಣನಿಗೆ ಫೋನು ಮಾಡಿ ಹೇಳಿದ್ದು ಇಷ್ಟೇ: "ಹೊಸಾದನ್ನ ತಾವಾಗೇ ಬೇಕು ಅನ್ನೋರು ಒಬ್ರು ಸಿಕ್ಕುದ್ರೆ ಓಯ್ತೀನಿ ಕಣ್ಲಾ. ಸಿಕ್ಕದಿದ್ರೆ ಗಿಟಾರ್ ಅಟ್ಟಕ್ಕೆ."

ಅಂಥ ಒಬ್ಬರನ್ನು ಹುಡುಕಿಕೊಂಡು ಇದ್ರೀಸಣ್ಣ ನಾನು ಕೆಲಸ ಮಾಡುವ ಕಡೆಗೆ ಬಂದರು.

ನಾನು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕೆಲಸದವಳು. ಇಸ್ರಾರ್ ಎಂಬುವರ ಕಾರ್ಖಾನೆಯಲ್ಲಿ ನಾವು ಒಂಬತ್ತು ಹೆಂಗಸರು. ಬೆಳಗಿನಿಂದ ನಮ್ಮ ಕೈ ಬಿಸಿನೀರಿನಲ್ಲಿರುತ್ತದೆ. ಮೂರು ಜನರ ಫೋನು ಆ ನೀರಿಗೆ ಬಿದ್ದ ಮೇಲೆ ಇಸ್ರಾರ್ ಗೋಡೆಯ ಹಲಗೆಯ ಮೇಲೆ ಒಂದು ಹಳೆಯ ಟೇಪ್‌ರೆಕಾರ್ಡರು ಇಟ್ಟರು. ಬೆಳಿಗ್ಗೆ ಒಣಗಿದ ಕೈಯಿಂದ ಒಂದು ಕ್ಯಾಸೆಟ್ಟು ಹಾಕಿದರೆ ಮುಗಿಯುವ ತನಕ ಯಾರೂ ಏಳುವ ಹಾಗಿಲ್ಲ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟಬಾರದು ಎಂದು ಇಸ್ರಾರರ ಕಟ್ಟಪ್ಪಣೆ.

ಇದ್ರೀಸಣ್ಣ ಕೊಟ್ಟ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಹಳೆಯ ಹಾಡು, ಇನ್ನೊಂದಕ್ಕೆ ಹೊಸ ಹಾಡು ಇದ್ದವು. ಹಳೆಯ ಮಗ್ಗುಲಿಗೆ ಎಲ್ಲರೂ ತಲೆ ಆಡಿಸಿದರು. ಊಟದ ಹೊತ್ತಿಗೆ ಕೈ ಒರೆಸಿಕೊಂಡು ಮಗ್ಗುಲು ತಿರುಗಿಸಿದ್ದು ಕರೀಮುನ್ನೀಸಾ. ನನ್ನ ಪಕ್ಕದ ನೀರಿನ ತೊಟ್ಟಿ ಅವಳದು. ಅರ್ಧ ಹಾಡು ಕೇಳಿ, "ಇದ್ಯಾರೋ ಮುದುಕ ಹಾಡ್ತಾವ್ನೆ" ಎಂದು ಮತ್ತೆ ಹಳೆಯ ಮಗ್ಗುಲಿಗೇ ತಿರುಗಿಸಿಬಿಟ್ಟಳು. ನಾಲ್ಕು ದಿನವೂ ಹಾಗೇ ಆಯಿತು.

ಐದನೇ ದಿನ ನಾನು ಅಂಗಡಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಇದ್ರೀಸಣ್ಣ ಸ್ಕ್ರೂಡ್ರೈವರು ಕೆಳಗಿಟ್ಟರು.

"ಹಾಡು ಕೆಟ್ಟದಾಗವಾ ಗಂಗಕ್ಕ?"

"ಹಾಡು ಚೆಂದಾಗವೆ. ನೀವು ಜೋಡಿಸಿರೋದು ಸರಿಯಿಲ್ಲ" ಎಂದೆ.

ನಮ್ಮ ಕೆಲಸದಲ್ಲಿ ಎಂಟು ಗೂಡಿನ ಎಂಟು ಎಳೆ ಸೇರಿ ಒಂದು ನೂಲು. ಒಂದು ಗೂಡು ಮುಗಿಯುತ್ತ ಬಂದಾಗ ಹೊಸ ಗೂಡಿನ ತುದಿಯನ್ನು ಓಡುತ್ತಿರುವ ನೂಲಿಗೆ ತಾಕಿಸುತ್ತೇವೆ. ಮಿಕ್ಕ ಏಳು ಎಳೆ ಅದನ್ನು ಎಳೆದುಕೊಂಡು ಹೋಗುತ್ತವೆ. ಎಲ್ಲ ಮುಗಿಸಿ ಎಂಟನ್ನೂ ಹೊಸದಾಗಿ ಹಾಕುತ್ತೇನೆಂದರೆ ನೂಲು ಕಡಿಯುತ್ತದೆ. ಇದನ್ನು ಅವರಿಗೆ ಹೇಳಿದೆ. ಅವರು ಯಂತ್ರದ ಮೇಲಿನ ಬಟ್ಟೆ ತೆಗೆದರು.

ಎರಡು ಭಾನುವಾರ ನಾನು ಆ ಬೆಂಚಿನ ಮೇಲೆ ಕೂತೆ. ಇದ್ರೀಸಣ್ಣನಿಗೆ ಹೊಸದರಿಂದಲೇ ಶುರು ಮಾಡುವ ಆಸೆ. "ಮೊದಲು ನೂಲು ಓಡ್ಲಿ" ಎಂದು ಬಸ್ಸಿನ ಹಾಡನ್ನು ಮೊದಲಿಗೆ ಇಡಿಸಿದೆ. ಅದರ ಹಿಂದೆಯೇ ಒಂದು ಹೊಸದನ್ನು ಸೇರಿಸಿದರೆ ಗವಿಸಿದ್ದಯ್ಯನವರ ಮೂವತ್ತೆರಡು ವಯಸ್ಸಿನ ಗಂಟಲೂ ಅರವತ್ತೊಂಬತ್ತರ ಗಂಟಲೂ ಒತ್ತಟ್ಟಿಗೆ ಬಂದು ಅಪ್ಪ ಮಗ ಜಗಳವಾಡಿದ ಹಾಗೆ ಕೇಳಿತು. ಅಳಿಸಿದರು. ಆಗ ಅವರಿಗೆ ಹೊಳೆಯಿತು. ಮೇಕೆಯ ಹಾಡು ಮುಗಿಯುವಾಗ ಒಂದು ನಿಮಿಷ ಬರೀ ಗಿಟಾರು. ಹೊಸದರಲ್ಲಿ ಒಂದು ಹಾಡು ಬರೀ ಗಿಟಾರಿನಿಂದಲೇ ಏಳುತ್ತದೆ.

"ಗಂಟಲಿಗೆ ವಯಸ್ಸಾಯ್ತದೆ, ಗಿಟಾರಿಗೆ ಆಗಾಕಿಲ್ಲ ಗಂಗಕ್ಕ" ಎಂದು ಎರಡನ್ನೂ ಅಲ್ಲೇ ಬೆಸೆದರು.

ಹೊಸ ಹಾಡುಗಳ ಸದ್ದು ತೊಳೆದಿಟ್ಟ ಸ್ಟೀಲ್ ಪಾತ್ರೆಯ ಹಾಗೆ ಚುಚ್ಚುತ್ತಿತ್ತು. ಗುಂಡಿ ತಿರುಗಿಸಿ ಅದನ್ನು ಒಸಿ ಮಂಕು ಮಾಡಿದರು, ಹಳೆಯದನ್ನು ಒಸಿ ಎತ್ತಿದರು. ಹಾಡಿಗೂ ಹಾಡಿಗೂ ನಡುವೆ ಎಷ್ಟು ಬಿಡಬೇಕೆಂದು ಕೇಳಿದಾಗ, ತುದಿ ಹಿಡಿದು ನೂಲಿಗೆ ತಾಕಿಸುವಷ್ಟು ಹೊತ್ತು ಎಂದು ಬೆರಳಲ್ಲಿ ತೋರಿಸಿದೆ. ಅವರು ಗಡಿಯಾರ ನೋಡಿಕೊಂಡರು. ಎರಡು ಸೆಕೆಂಡು. ಮಗ್ಗುಲಿಗೆ ಮೂರು ಹಳೆಯದು, ಮೂರು ಹೊಸದು. ಮೂರನೇ ಸಲಕ್ಕೆ ಕ್ಯಾಸೆಟ್ಟು ಸರಿಯಾಯಿತು.

ಸೋಮವಾರ ನಾನೇ ಅದನ್ನು ಹಾಕಿದೆ, ಯಾರಿಗೂ ಏನೂ ಹೇಳಲಿಲ್ಲ. ಮೇಕೆಯ ಹಾಡು ಮುಗಿದು, ಗಿಟಾರು ಬಂದು, ಸಾವನದುರ್ಗ ಹತ್ತಲು ಹೊರಟ ವಯಸ್ಸಾದವನ ಹೊಸ ಹಾಡು ಶುರುವಾಯಿತು. "ಬೆಟ್ಟಪ್ಪ ಒಸಿ ಬಗ್ಗು, ನನ್ನ ಮಂಡಿ ಬಗ್ಗಾಕಿಲ್ಲ" ಎಂಬುದು ಅದರ ಪಲ್ಲವಿ. ನಾನು ತಲೆ ತಗ್ಗಿಸಿ ನೂಲು ನೋಡುತ್ತಿದ್ದೆ, ಆದರೆ ಕಿವಿ ಎಲ್ಲರ ಮೇಲಿತ್ತು. ಯಾರೂ ಮುದುಕ ಎನ್ನಲಿಲ್ಲ. ಬುಧವಾರ ಬಾಗಿಲ ಹತ್ತಿರದವಳು ಮಂಡಿ ನೀವಿಕೊಂಡು ನಕ್ಕಳು. ಗುರುವಾರ ಕರೀಮುನ್ನೀಸಾ ನೀರು ಬದಲಿಸುತ್ತ ಅದನ್ನೇ ಗುನುಗಿದಳು.

ಕನಕಪುರದ ಕಾರ್ಯಕ್ರಮ ಇದ್ದದ್ದು ಶನಿವಾರ. ಶುಕ್ರವಾರ ಗವಿಸಿದ್ದಯ್ಯ ಮಾಗಡಿ ಬಸ್ಸಿನಲ್ಲಿ ಬಂದಿಳಿದರು. ಹೋಗುವುದಿಲ್ಲ ಎಂದು ಮುಖ ನೋಡಿ ಹೇಳಲು ಬಂದಿದ್ದರು. ಇದ್ರೀಸಣ್ಣ ಅವರನ್ನು ನಮ್ಮ ಕಾರ್ಖಾನೆಯ ಬಾಗಿಲಿಗೆ ಕರೆದುಕೊಂಡು ಬಂದರು. ಬಿಳಿ ಗಡ್ಡ, ಇಸ್ತ್ರಿ ಮಾಡಿದ ಅಂಗಿ, ಕಾಲಿಗೆ ಕ್ಯಾನ್ವಾಸು ಬೂಟು. ಯಾರೋ ಗೂಡಿನ ವ್ಯಾಪಾರಿ ಎಂದುಕೊಂಡು ಯಾರೂ ತಿರುಗಿ ನೋಡಲಿಲ್ಲ. ಅಷ್ಟರಲ್ಲಿ ಕ್ಯಾಸೆಟ್ಟಿನ ಆ ಮಗ್ಗುಲು ಮುಗಿದು ಟಕ್ಕೆಂದು ನಿಂತಿತು.

"ಇದ್ರೀಸ್ ಭಾಯ್, ನಿಮ್ಮ ಕೈ ಒಣಗೈತಲ್ಲ, ಒಸಿ ಹಿಂದಕ್ಕೆ ಸುತ್ತಿ. ಆ ಬೆಟ್ಟದ ಹಾಡು ಬರ್ಲಿ" ಎಂದಳು ಕರೀಮುನ್ನೀಸಾ.

ಗವಿಸಿದ್ದಯ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡರು. "ಯಾವ ಹಾಡು ತಾಯಿ?"

"ಅದೇ, ಬೆಟ್ಟಪ್ಪ ಒಸಿ ಬಗ್ಗು ಅಂತದಲ್ಲ. ಹಳೇ ಹಾಡು. ನಿಮಗೆ ಗೊತ್ತಿಲ್ವಾ?"

"ಹಳೇದಾ?"

"ಇನ್ನೇನು. ನನ್ನ ಮದ್ವೇಲಿ ಹಾಕಿದ್ರು. ತೊಂಬತ್ತಾರನೇ ಇಸ್ವಿ. ನಮ್ಮತ್ತೆ ಮಂಡಿ ಹಿಡ್ಕಂಡು ನಗಾಡಿದ್ದು ಈಗ್ಲೂ ಕಣ್ಣಲ್ಲೈತೆ."

"ಇಲ್ಲ ತಾಯಿ, ಇದನ್ನ ಕಟ್ಟಿದ್ದು ಹೋದ ವರ್ಸ."

"ನಿಮಗೆ ಹೆಂಗೆ ಗೊತ್ತು?"

"ನಾನೇ ಕಟ್ಟಿದ್ದು."

ಕರೀಮುನ್ನೀಸಾ ಅವರನ್ನು ಬೂಟಿನಿಂದ ಗಡ್ಡದವರೆಗೆ ನಿಧಾನವಾಗಿ ನೋಡಿದಳು. "ಹಂಗಾದ್ರೆ ನಿಮಗೆ ಮರ್ತೋಗೈತೆ" ಎಂದಳು.

ಒಂಬತ್ತು ರಾಟೆಯ ಸದ್ದನ್ನೂ ಮೀರಿ ಗವಿಸಿದ್ದಯ್ಯ ನಕ್ಕರು. ಇದ್ರೀಸಣ್ಣ ಹಲಗೆಯ ಕಡೆ ನಡೆದರು. ಗವಿಸಿದ್ದಯ್ಯ ಅವರ ತೋಳು ಹಿಡಿದು, "ಬುಡ್ಲಾ, ನನ್ನನ್ನ ಕೇಳವ್ರೆ" ಎಂದು ತಾವೇ ಹೋಗಿ ಕ್ಯಾಸೆಟ್ಟು ಹಿಂದಕ್ಕೆ ಸುತ್ತಿದರು. ಮೇಕೆಯ ಹಾಡಿನ ನಡುವೆ ಹೋಗಿ ನಿಂತಿತು.

"ಇನ್ನೊಸಿ ಮುಂದಕ್ಕೆ" ಎಂದಳು ಕರೀಮುನ್ನೀಸಾ. "ಸ್ವಂತ ಹಾಡು ಎಲ್ಲೈತೆ ಅಂತ್ಲೂ ಗೊತ್ತಿಲ್ಲ."

ಹಾಡು ಮುಗಿಯುವ ತನಕ ಗವಿಸಿದ್ದಯ್ಯ ಅಲ್ಲೇ ನಿಂತು ಕೇಳಿದರು. ಹಳೆಯದರಿಂದ ಹೊಸದಕ್ಕೆ ದಾಟುವ ಆ ಎರಡು ಸೆಕೆಂಡಿನಲ್ಲಿ ಅವರು ಇದ್ರೀಸಣ್ಣನ ಮುಖ ನೋಡಿದ್ದನ್ನು ನಾನು ಕಂಡೆ. ಹೊರಡುವಾಗ ಹಾಡುಗಳ ಸಾಲನ್ನು ಬಸ್ ಟಿಕೇಟಿನ ಹಿಂದೆ ಬರೆಸಿಕೊಂಡರು.

ಶನಿವಾರ ಇದ್ರೀಸಣ್ಣ ಅಂಗಡಿಗೆ ಬೀಗ ಹಾಕಿ ಅವರ ಜೊತೆ ಹೋದರು. ಭಾನುವಾರ ಬೆಂಚಿನ ಮೇಲೆ ಕೂರಿಸಿ ನನಗೆ ಎಲ್ಲ ಹೇಳಿದರು. ಗವಿಸಿದ್ದಯ್ಯ ಕ್ಯಾಸೆಟ್ಟಿನ ಸಾಲಿನಂತೆಯೇ, ಹಳೆಯದೂ ಹೊಸದೂ ಬೆರೆಸಿ, ಹನ್ನೆರಡೂ ಹಾಡಿದರಂತೆ. ಮೇಕೆಯ ಹಾಡು ಮುಗಿದಾಗ ಗಿಟಾರು ನಿಲ್ಲಿಸದೆ ಮೈಕಿಗೆ ಬಾಗಿ, "ಮುಂದಿನದು ತೊಂಬತ್ತಾರನೇ ಇಸ್ವಿ ಹಾಡು" ಎಂದರಂತೆ. ಪಲ್ಲವಿ ಎರಡನೇ ಸಲ ಬರುವಾಗ ಜನ ದನಿ ಸೇರಿಸಿದರಂತೆ.

ಸೋಮವಾರ ಕರೀಮುನ್ನೀಸಾಳಿಗೆ ಇದನ್ನು ಹೇಳಿದೆ. ಅವಳು ಒಂದು ಗೂಡಿನ ತುದಿ ಹುಡುಕಿ, ಓಡುವ ನೂಲಿಗೆ ತಾಕಿಸಿ, ಆಮೇಲೆ ನನ್ನ ಕಡೆ ತಿರುಗಿದಳು.

"ಈಗ ಗ್ಯಾಪಕಕ್ಕೆ ಬಂತಾ ಅವ್ರಿಗೆ?" ಎಂದಳು.